ಬಲಿಷ್ಠನಾದ ಮಾಂತ್ರಿಕನು ಯಾರು?

ಹುಣಸೂರಿನಿಂದ ಕೃಷ್ಣರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಸಂಜೆ ಇಬ್ಬರು ವಿದ್ಯಾರ್ಥಿಗಳ ನಡುವೆ ಬಿರುಸಾದ ವಾದವು ನಡೆಯುತ್ತಿತ್ತು. ೨೦೧೩ರಲ್ಲಿ ವಾಲ್ವ್ ಸಂಸ್ಥೆಯು ಹೊರತಂದ ‘ಡೋಟ ೨’ ಎಂಬ ಕಂಪ್ಯೂಟರ್ ಆಟದಲ್ಲಿ ಅತ್ಯಂತ ಬಲಿಷ್ಠನಾದ ಮಾಂತ್ರಿಕನು ಯಾರು ಎಂಬುದೇ ವಿಷಯ. “ಇನ್ವೋಕರನೇ” ಎಂದನೊಬ್ಬ. “ಅವನ ಮಂತ್ರವನ್ನೇ ರೂಬಿಕ್ ಕದಿಯುತ್ತಾನಲ್ಲ!” ಎಂದನು ಇನ್ನೊಬ್ಬ. ಇಬ್ಬರ ಮುಖವೂ ಬಿಗಿಯಿತು. ಕೊನೆಗೆ, “ಸಾರ್, ನೀವೇ ಹೇಳಿ” ಎಂದು ನನ್ನ ಕಡೆ ತಿರುಗಿದರು. ಆಟದ ನಿಯಮಗಳನ್ನು ಅವರಿಂದಲೇ ಕೇಳಿ ತಿಳಿದುಕೊಂಡೆ.

ಇಂಥ ವಾದವು ನಮಗೆ ಹೊಸತಲ್ಲ. ಕಾವೇರಿಯನ್ನು ಕಮಂಡಲುವಿನಲ್ಲಿ ಹಿಡಿದಿಟ್ಟ ಅಗಸ್ತ್ಯನು ಹೆಚ್ಚೋ, ತ್ರಿಶಂಕುವಿಗಾಗಿ ಬೇರೊಂದು ಸ್ವರ್ಗವನ್ನೇ ಸೃಷ್ಟಿಸಿದ ವಿಶ್ವಾಮಿತ್ರನು ಹೆಚ್ಚೋ ಎಂದು ಪುರಾಣವನ್ನು ಕೇಳಿದವರು ಕೇಳಬಹುದು. ಉತ್ತರ ಹೇಳುವ ಮೊದಲು ‘ಬಲಿಷ್ಠ’ ಎಂದರೇನು ಎಂಬುದನ್ನು ವಿಚಾರ ಮಾಡೋಣ.

ಕೃಷ್ಣರಾಜನಗರಕ್ಕೆ ಸಮೀಪದ ಚುಂಚನಕಟ್ಟೆಯಲ್ಲಿ ಕಾವೇರಿಯು ಸುಮಾರು ೨೦ ಮೀಟರ್ ಎತ್ತರದಿಂದ ಧುಮುಕುವುದು. ಕೆಳಗೆ ಬಿದ್ದ ನೀರನ್ನು ಮತ್ತೆ ಮೇಲಕ್ಕೆತ್ತುವ ಇಬ್ಬರು ಮಾಂತ್ರಿಕರನ್ನು ಕಲ್ಪಿಸಿಕೊಳ್ಳಿ. ಮೊದಲನೆಯವನು ೧,೦೦೦ ಕಿಲೋಗ್ರಾಂ ನೀರನ್ನು ೧೦ ಸೆಕೆಂಡುಗಳಲ್ಲಿ ಎತ್ತುವನು. ಅವನು ಮಾಡಿದ ಕೆಲಸ ೧,೦೦೦ × ೯.೮ × ೨೦, ಎಂದರೆ ೧,೯೬,೦೦೦ ಜೂಲ್. ಎರಡನೆಯವನು ೩,೦೦೦ ಕಿಲೋಗ್ರಾಂ ನೀರನ್ನು ೬೦ ಸೆಕೆಂಡುಗಳಲ್ಲಿ ಎತ್ತುವನು. ಇವನ ಕೆಲಸ ೫,೮೮,೦೦೦ ಜೂಲ್. ಮೊದಲನೆಯವನದಕ್ಕಿಂತ ಮೂರು ಪಟ್ಟು. ಆದರೆ ಒಂದು ಸೆಕೆಂಡಿಗೆ ಎಷ್ಟು ಕೆಲಸವಾಯಿತು ಎಂದು ಭಾಗಿಸಿ ನೋಡಿದರೆ, ಮೊದಲನೆಯವನ ಸಾಮರ್ಥ್ಯವು ೧೯,೬೦೦ ವ್ಯಾಟ್, ಎರಡನೆಯವನದು ೯,೮೦೦ ವ್ಯಾಟ್; ಸರಿಯಾಗಿ ಅರ್ಧ! ಕೆಲಸದಲ್ಲಿ ಒಬ್ಬನು ಮುಂದು, ಸಾಮರ್ಥ್ಯದಲ್ಲಿ ಇನ್ನೊಬ್ಬನು ಮುಂದು. ‘ಬಲಿಷ್ಠ’ ಎಂಬ ಒಂದೇ ಮಾತಿನಲ್ಲಿ ಇವೆರಡೂ ಅಡಗಿ ಕುಳಿತಿರುವುದರಿಂದಲೇ ಜಗಳ.

ಇನ್ನೊಂದು ಪ್ರಶ್ನೆಯುಂಟು: ಆ ಶಕ್ತಿಯು ಬಂದುದೆಲ್ಲಿಂದ? ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಇದೆಯಷ್ಟೆ. ಅದರ ಬಾಗಿಲನ್ನು ತೆರೆಯುವ ನೌಕರನು ಮಾಡುವ ಕೆಲಸ ಅಲ್ಪ. ಹೊರಡುವ ಪ್ರವಾಹವು ಮಹತ್ತರ. ಆ ಶಕ್ತಿ ಅವನದಲ್ಲ. ಬಿಸಿಲಿಗೆ ಆವಿಯಾಗಿ ಮೇಲೇರಿದ ಸಮುದ್ರದ ನೀರು ವಯನಾಡಿನ ಬೆಟ್ಟಗಳಲ್ಲಿ ಮಳೆಯಾಗಿ ಸುರಿದು, ನದಿಯಾಗಿ ಹರಿದು ಬಂದು ಅಲ್ಲಿ ನಿಂತಿರುವುದು. ಆಟದ ಮಾಂತ್ರಿಕನಿಗೂ ಲೆಕ್ಕ ತಪ್ಪಿದ್ದಲ್ಲ. ‘ಮಾನಾ’ ಎಂಬ ಸಂಗ್ರಹವುಂಟು. ಮಂತ್ರ ಪ್ರಯೋಗಿಸಿದಂತೆ ಅದು ಕರಗುವುದು.

ಈಗ ಹುಡುಗರ ವಾದಕ್ಕೆ ಬರೋಣ. ಇನ್ವೋಕರನ ಬಳಿ ಹಿಮ, ಬಿರುಗಾಳಿ, ಬೆಂಕಿ ಎಂಬ ಮೂರು ಬಗೆಯ ಗೋಲಗಳಿವೆ. ಒಮ್ಮೆಗೆ ಮೂರನ್ನು ಕೂಡಿಸಿದರೆ ಒಂದು ಮಂತ್ರ. ಮೂರೂ ಒಂದೇ ಬಗೆಯಾದರೆ ೩ ವಿಧ. ಎರಡು ಒಂದು ಬಗೆ, ಒಂದು ಬೇರೆಯಾದರೆ ೬ ವಿಧ. ಮೂರೂ ಬೇರೆಯಾದರೆ ೧. ಒಟ್ಟು ೧೦. ಕ್ರಮಕ್ಕೂ ಬೆಲೆಯಿದ್ದರೆ ೨೭ ಆಗುತ್ತಿತ್ತು. ಆಟದಲ್ಲಿ ಇರುವುದು ಹತ್ತೇ. ರೂಬಿಕನಾದರೋ ಎದುರಾಳಿಯು ಕಡೆಯದಾಗಿ ಪ್ರಯೋಗಿಸಿದ ಮಂತ್ರವನ್ನು ಮಾತ್ರ ಕದಿಯಬಲ್ಲನು. ಎದುರಾಳಿಯ ಮಂತ್ರವು ಅಲ್ಪವಾದರೆ ಕದ್ದ ಮಾಲೂ ಅಲ್ಪವೇ. ಹೀಗಿರಲು ಅವನ ಬಲವು ಅವನೊಬ್ಬನಲ್ಲಿಲ್ಲ, ಎದುರಿಗಿರುವವನನ್ನು ಅವಲಂಬಿಸಿರುವುದು. ಸಾಲದುದಕ್ಕೆ, ಆಟವು ಐವರಿಗೂ ಐವರಿಗೂ ನಡುವೆ ನಡೆಯುವುದು. ಕಲ್ಲು, ಕಾಗದ, ಕತ್ತರಿಗಳ ಆಟವನ್ನು ನೆನೆಯಿರಿ. ಕಲ್ಲು ಕತ್ತರಿಯನ್ನು, ಕತ್ತರಿ ಕಾಗದವನ್ನು, ಕಾಗದ ಕಲ್ಲನ್ನು ಗೆಲ್ಲುವುದು. ಅಲ್ಲಿ ‘ಎಲ್ಲಕ್ಕಿಂತ ಬಲಿಷ್ಠ’ ಎಂಬುದು ಇಲ್ಲವೇ ಇಲ್ಲ.

“ಹಾಗಾದರೆ ಗೆದ್ದವರು ಯಾರು, ಸಾರ್?” ಎಂದನೊಬ್ಬ. “ಗೆಲ್ಲುವುದು ಹಾಗಿರಲಿ, ಮೊದಲು ಅಳತೆಗೋಲನ್ನು ಗೊತ್ತುಮಾಡಿಕೊಳ್ಳಿ” ಎಂದೆನು. ಇಬ್ಬರೂ ನಕ್ಕರು, ಬಿಗಿದ ಮುಖಗಳು ಸಡಿಲಿದವು.

ಆಟದ ಮಾಂತ್ರಿಕನಿಂದ ಯಾರಿಗೂ ಕೇಡಿಲ್ಲ. ಆದರೆ ಮಂತ್ರದಿಂದಲೇ ರೋಗವನ್ನು ಕಳೆಯುವೆನೆಂದು ಹೇಳಿ ಹಣ ಕೇಳುವವರು ಊರುಗಳಲ್ಲಿ ಇಂದಿಗೂ ಉಂಟು. ಅವರನ್ನು ನಂಬಿ ಚಿಕಿತ್ಸೆಯನ್ನು ಮುಂದೂಡಿದರೆ ಪ್ರಾಣಕ್ಕೇ ಅಪಾಯ. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದರು. ನಾವೂ ಕೇಳಬೇಕಾದ ಪ್ರಶ್ನೆಗಳು ಮೂರೇ: ಏನಾಯಿತು? ಅದನ್ನು ಅಳೆದವರು ಯಾರು? ಆ ಶಕ್ತಿ ಬಂದುದೆಲ್ಲಿಂದ? ಬಸ್ಸಿನಲ್ಲಿ ಗೆಳೆಯನನ್ನು ಕೇಳಲು ಕಲಿತವನು, ನಾಳೆ ಮನೆಯ ಬಾಗಿಲಿಗೆ ಬಂದ ಮಾಂತ್ರಿಕನನ್ನೂ ಅಂಜದೆ ಕೇಳಬಲ್ಲನು.