ತಂಪು ತಪ್ಪಿದ ಲಸಿಕೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಓಡಲಾರಂಭಿಸಿದ್ದು 1894ರಲ್ಲಿ. ಶಿವನಸಮುದ್ರದ ವಿದ್ಯುತ್ ಇಲ್ಲಿಗೆ ಬಂದದ್ದು 1902ರಲ್ಲಿ. ಎರಡೂ ಕೋಲಾರದ ಚಿನ್ನದ ಗಣಿಗಾಗಿಯೇ. ಆ ಗಣಿ 2001ರಲ್ಲಿ ಮುಚ್ಚಿತು. ಸುತ್ತಲ ಹಳ್ಳಿಗಳ ಬದುಕನ್ನು ಈಗ ನಡೆಸುತ್ತಿರುವುದು ಹಾಲು, ರೇಷ್ಮೆ, ಟೊಮೆಟೊ. ಇವುಗಳ ಜೊತೆಗೆ ಕೋಳಿ ಶೆಡ್ಡು.

ಶೆಡ್ಡಿಗೆ ಬರುವ ಮರಿಯ ಹಣೆಬರಹವನ್ನು ಅರ್ಧ ಬರೆಯುವುದು ಹ್ಯಾಚರಿಯ ಲಸಿಕೆ ಕೋಣೆ. ಇಪ್ಪತ್ತೊಂದನೇ ದಿನ ಮೊಟ್ಟೆಯೊಡೆದು ಬಂದ ಮರಿಗೆ ಅಲ್ಲಿಯೇ ಮೊದಲ ಚುಚ್ಚುಮದ್ದು. ಮೊಟ್ಟೆ ಕೋಳಿಯ ಮರಿಗಾದರೆ ಅದು ಮರೆಕ್ಸ್ ರೋಗದ್ದು. ಹಂಗೇರಿಯ ಪಶುವೈದ್ಯ ಯೋಜೆಫ್ ಮರೆಕ್ 1907ರಲ್ಲಿ ವಿವರಿಸಿದ ಈ ರೋಗ ಕಾಲಿಗೆ ಲಕ್ವ ತರುತ್ತದೆ, ಒಳಗೆ ಗಡ್ಡೆ ಬೆಳೆಸುತ್ತದೆ.

ಈ ಲಸಿಕೆಯ ಒಂದು ಬಗೆ ಜೀವಂತ ಕೋಶಗಳಲ್ಲಿ ಅಡಗಿದ ವೈರಸ್. ಕೋಶ ಸತ್ತರೆ ಲಸಿಕೆಯೂ ಸತ್ತಂತೆ. ಹಾಗಾಗಿ ಅದನ್ನು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದ ಕ್ಯಾನಿನಲ್ಲಿ ಇಡುತ್ತಾರೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ ಕೋಲಾರದ ರೈತರಿಗೆ ಆ ಕ್ಯಾನ್ ಪರಿಚಿತವೇ. ಸಾರಜನಕ ದಿನವೂ ಒಂದಿಷ್ಟು ಆವಿಯಾಗುತ್ತಲೇ ಇರುತ್ತದೆ. ಅಳತೆ ಕೋಲು ಇಳಿಸಿ ಮಟ್ಟ ಬರೆದಿಡದಿದ್ದರೆ ಕ್ಯಾನ್ ಖಾಲಿಯಾದದ್ದು ಯಾರಿಗೂ ತಿಳಿಯುವುದಿಲ್ಲ. ಗಾಳಿಯಾಡದ ಕೋಣೆಯಲ್ಲೋ ಮುಚ್ಚಿದ ಕಾರಿನಲ್ಲೋ ಇಟ್ಟರೆ ಅದೇ ಆವಿ ಆಮ್ಲಜನಕವನ್ನು ಹೊರದೂಡಿ ಮನುಷ್ಯನ ಪ್ರಾಣಕ್ಕೇ ಕುತ್ತು ತರಬಲ್ಲದು.

ಲಸಿಕೆ ತುಂಬಿದ ಗಾಜಿನ ಆಂಪ್ಯೂಲ್ ಹೊರತೆಗೆಯುವಾಗ ಕೈಗವಸು, ಮುಖಕ್ಕೆ ಗುರಾಣಿ ಬೇಕೇ ಬೇಕು. ಒಳಗೆ ಸಾರಜನಕ ಸೇರಿಕೊಂಡಿದ್ದರೆ ಗಾಜು ಪಟಾರನೆ ಸಿಡಿಯುತ್ತದೆ. ತೆಗೆದದ್ದನ್ನು 25ರಿಂದ 27 ಡಿಗ್ರಿಯ ನೀರಿನಲ್ಲಿ ಒಂದು-ಒಂದೂವರೆ ನಿಮಿಷ ಕರಗಿಸಬೇಕು. ಬೇಗ ಕರಗಲೆಂದು ಬಿಸಿನೀರಿಗೆ ಹಾಕಿದರೆ ಕೋಶಗಳು ಬೆಂದುಹೋಗುತ್ತವೆ. ಸಾವಿರ ಡೋಸಿಗೆ 200 ಮಿ.ಲೀ. ದ್ರಾವಣ, ಒಂದೊಂದು ಮರಿಯ ಕತ್ತಿನ ಚರ್ಮದಡಿ 0.2 ಮಿ.ಲೀ. ಕಲಸಿದ ಮೇಲೆ ಗಂಟೆಯೊಳಗೆ, ತೀರಾ ಹೆಚ್ಚೆಂದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಮಿಕ್ಕದ್ದನ್ನು ಮತ್ತೆ ಕ್ಯಾನಿಗೆ ಹಾಕುವುದೆಂದರೆ ನೀರನ್ನು ಕಾಪಿಟ್ಟಂತೆ.

ಕೊಕ್ಕರೆ ರೋಗ ಅಂದರೆ ರಾಣಿಖೇತ್‌ನ ಲಸಿಕೆಗೆ ಇಷ್ಟು ಉಪಚಾರ ಬೇಡ, ಫ್ರಿಜ್ ಸಾಕು. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇಂಥ ಲಸಿಕೆಗಳನ್ನು ತಯಾರಿಸುತ್ತದೆ. ಒಣಪುಡಿಯ ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಎಣ್ಣೆ ಬೆರೆತ, ಕೊಂದ ವೈರಸ್ಸಿನ ಲಸಿಕೆಗೂ ಅದೇ ತಾಪ, ಆದರೆ ಹೆಪ್ಪುಗಟ್ಟಬಾರದು. ಗಟ್ಟಿಯಾಗಿ ಕರಗಿದರೆ ಎಣ್ಣೆ, ನೀರು ಬೇರ್ಪಟ್ಟು ಅದು ಕೆಲಸಕ್ಕೆ ಬಾರದು. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಐಸ್ ಪೆಟ್ಟಿಗೆಗೆ ತುರುಕುವ ಜಾಣತನ ಇಲ್ಲಿಯೇ ಮೋಸ ಮಾಡುತ್ತದೆ. ಪುಡಿಯ ಬಾಟಲಿಗೆ ಒಂದು ಸುಲಭ ಪರೀಕ್ಷೆಯಿದೆ: ಸೂಜಿ ಚುಚ್ಚಿದಾಗ ದ್ರಾವಣವನ್ನು ತಾನೇ ಒಳಗೆಳೆದುಕೊಂಡರೆ ನಿರ್ವಾತ ಉಳಿದಿದೆ ಎಂದರ್ಥ. ಎಳೆದುಕೊಳ್ಳದ ಬಾಟಲಿ ಅನುಮಾನದ್ದು.

ಕರೆಂಟ್ ಹೋದಾಗ ಬಾಗಿಲು ತೆರೆಯದಿರುವುದೇ ದೊಡ್ಡ ಚಿಕಿತ್ಸೆ. ಫ್ರಿಜ್‌ನ ಕೆಳಭಾಗದಲ್ಲಿ ನೀರಿನ ಬಾಟಲಿಗಳನ್ನು ತುಂಬಿಟ್ಟರೆ ತಂಪು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಊಟದ ಡಬ್ಬಿ, ಹಾಲಿನ ಪ್ಯಾಕೆಟ್ಟುಗಳಿಗೆ ಅಲ್ಲಿ ಜಾಗವಿಲ್ಲ; ಅವನ್ನು ತೆಗೆಯಲು ಬಾಗಿಲು ತೆರೆದಷ್ಟೂ ಬಿಸಿ ಒಳಬರುತ್ತದೆ. ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ ಬರೆಯುವ ಪುಸ್ತಕವೊಂದು ಪಕ್ಕದಲ್ಲಿರಲಿ.

ಕೆಟ್ಟ ಲಸಿಕೆ ನೋಡಲು ಬಹುಪಾಲು ಒಳ್ಳೆಯದರಂತೆಯೇ ಇರುತ್ತದೆ. ಫಲ ಕಾಣುವುದು ವಾರಗಳ ನಂತರ, ಆ ಹೊತ್ತಿಗೆ ಮರಿಗಳು ಹತ್ತಾರು ಶೆಡ್ಡುಗಳಿಗೆ ಹರಡಿರುತ್ತವೆ. ರೈತ ಮೇವನ್ನು ಬೈಯುತ್ತಾನೆ, ಬಿಸಿಲನ್ನು ಬೈಯುತ್ತಾನೆ. ಹ್ಯಾಚರಿಯ ಕೋಣೆ ಅವನ ನೆನಪಿಗೇ ಬರುವುದಿಲ್ಲ. ಮರಿ ಕೊಳ್ಳುವಾಗ ದರದ ಜೊತೆಗೆ ಲಸಿಕೆಯ ಹೆಸರು, ಬ್ಯಾಚ್ ನಂಬರು, ಹಾಕಿದ ದಿನಾಂಕವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.