ಹಾಡು ಬಾರದವನಿಗೆ ಪಾತ್ರವೇ ಇರಲಿಲ್ಲ

ಟಿವಿ ಕಾರ್ಯಕ್ರಮದಲ್ಲಿ ಒಬ್ಬ ನಟ ಮೈಕ್ ಹಿಡಿದು ಎರಡು ಸಾಲು ಸರಿಯಾಗಿ ಹಾಡಿದರೆ ಸಾಕು, ಮರುದಿನ ಬೆಳಗ್ಗೆ ಅದು ನಮ್ಮೆಲ್ಲರ ಮೊಬೈಲಿಗೆ ಬಂದು ಬಿದ್ದಿರುತ್ತದೆ. 'ಮಾರಾಯ್ರೆ, ಇವನು ಹಾಡುವುದೂ ಉಂಟಾ?' ಅಂತ ನಾವು ಹತ್ತು ಜನರಿಗೆ ಕಳಿಸುತ್ತೇವೆ. ನಟನೆಂದರೆ ನಟಿಸುವವನು, ಗಾಯಕನೆಂದರೆ ಹಾಡುವವನು, ಎರಡೂ ಒಬ್ಬನಲ್ಲೇ ಇದ್ದರೆ ಅದು ದೊಡ್ಡ ಅಚ್ಚರಿ ಎನ್ನುವುದು ನಮ್ಮ ಲೆಕ್ಕ.

ಈ ಲೆಕ್ಕ ಕರಾವಳಿಯವರಾದ ನಮಗೆ ಸಹಜವೇ. ನಮ್ಮ ಯಕ್ಷಗಾನದಲ್ಲಿ ಹಾಡುವವರು ಭಾಗವತರು. ವೇಷಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ವೇಷಧಾರಿಗೆ ಪದ ಹೇಳಲು ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ಸಿನೆಮಾದವರು ಹಿನ್ನೆಲೆ ಗಾಯನ ಅಂತ ಕರೆಯುವ ಏರ್ಪಾಡು ನಮ್ಮ ಬಯಲಿನಲ್ಲಿ ಎಂದಿನಿಂದಲೂ ಇತ್ತು ಎನ್ನಬಹುದು. ಆದರೆ ಘಟ್ಟ ಹತ್ತಿದರೆ ಲೆಕ್ಕ ಬದಲಾಗುತ್ತದೆ.

ಅಂಕೋಲಾದಿಂದ ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿಗೆ ಹೋಗುವ ದಾರಿ ನಮ್ಮ ವ್ಯಾಪಾರದವರಿಗೆ, ಲಾರಿಯವರಿಗೆ ಹೊಸತಲ್ಲ. ಅದೇ ಕಲಘಟಗಿ ತಾಲೂಕಿನಲ್ಲಿ ಮಿಶ್ರಿಕೋಟಿ ಇದೆ. ಹತ್ತಿ, ಜೋಳ, ಸೋಯಾ ಬೆಳೆಯುವ ಸೀಮೆ. ಈ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಸಣ್ಣಾಟ ಅಥವಾ ಕಂಪನಿ ನಾಟಕ ಇರಲೇಬೇಕು. 'ಸಂಗ್ಯಾ ಬಾಳ್ಯಾ' ಆಡಲಿ, 'ಶ್ರೀಕೃಷ್ಣ ಪಾರಿಜಾತ' ಆಡಲಿ, ಪಾತ್ರಧಾರಿ ತಾನೇ ಹಾಡಬೇಕು. ಹಿಂದೆ ನಿಂತ ಮೇಳದವರು ಅದನ್ನೆತ್ತಿಕೊಂಡು ಹಾಡುತ್ತಾರೆ, ಅಷ್ಟೆ. ಪಾರಿಜಾತದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನನ್ನು ಜನ ನೆನೆಯುವುದು ಆಟಕ್ಕೂ ಹೌದು, ಕಂಠಕ್ಕೂ ಹೌದು. ಅಲ್ಲಿ 'ನಟನಿಗೆ ಹಾಡು ಬರುತ್ತದಾ?' ಎಂಬ ಪ್ರಶ್ನೆಯೇ ಇಲ್ಲ. ಹಾಡು ಬಾರದಿದ್ದರೆ ಅವನಿಗೆ ಪಾತ್ರವೇ ಇಲ್ಲ.

ಕಂಪನಿ ನಾಟಕದಲ್ಲಂತೂ ಇದು ಹೊಟ್ಟೆಪಾಡಿನ ಮಾತು. ಮೈಕ್ ಇಲ್ಲದ ಕಾಲ. ಎದುರಿಗೆ ಪೇಟಿ ಮಾಸ್ತರ, ಪಕ್ಕದಲ್ಲಿ ತಬಲಾ. ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಮಾತು, ಹಾಡು ಎರಡೂ ಮುಟ್ಟಬೇಕು. ಹಾಡು ಮೆಚ್ಚಿಗೆಯಾದರೆ ಜನ 'ಒನ್ಸ್ ಮೋರ್' ಕೂಗುತ್ತಿದ್ದರು, ಕಥೆ ಅಲ್ಲೇ ನಿಲ್ಲುತ್ತಿತ್ತು, ನಟ ಅದೇ ಪದವನ್ನು ಇನ್ನೊಮ್ಮೆ ಹಾಡುತ್ತಿದ್ದ. ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪ ಈ ಪರಂಪರೆಯ ದೊಡ್ಡ ಹೆಸರು. ಬಸವಣ್ಣನ ಪಾತ್ರದಲ್ಲಿ ಅವರು ವಚನ ಹಾಡುವುದನ್ನು ಕೇಳಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಇನ್ನೊಂದು ವಿಷಯ ನಮ್ಮ ಓದುಗರಿಗೆ ಹೇಳಲೇಬೇಕು. 'ಉಸ್ತಾದ್' ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮದ್ರಸದ ಉಸ್ತಾದರು. ಧಾರವಾಡ ಸೀಮೆಯಲ್ಲಿ ಆ ಪದಕ್ಕೆ ಸಂಗೀತ ಕಲಿಸುವ ಗುರು ಎಂಬ ಅರ್ಥವೂ ಉಂಟು. ಅಲ್ಲಿಯ ಈ ನಟ-ಗಾಯಕರ ಕಥೆಯ ಹಿಂದೆ ಅಂಥ ಉಸ್ತಾದರು ಇದ್ದಾರೆ.

ಹುಬ್ಬಳ್ಳಿಯಿಂದ ರೈಲು ಹತ್ತಿದರೆ ಬೇಗನೇ ಕುಂದಗೋಳ ಸಿಗುತ್ತದೆ. ಅಲ್ಲಿಯ ರಾಮಭಾವು ಕುಂದಗೋಳಕರ ಹುಟ್ಟಿದ್ದು 1886ರಲ್ಲಿ. ಹುಡುಗನ ಕಂಠ ಕೇಳಿ ಪಾಠಕ್ಕೆ ಸೇರಿಸಿಕೊಂಡವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್. ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿ, ಬರೋಡಾ, ಮೈಸೂರು ಅಂತ ತಿರುಗಿ ಕೊನೆಗೆ ಮಿರಜಿನಲ್ಲಿ ನೆಲೆಸಿದವರು. ವರ್ಷಗಟ್ಟಲೆ ಗುರುವಿನ ಹತ್ತಿರ ಸ್ವರ ತಿದ್ದಿಕೊಂಡ ರಾಮಭಾವು ಆಮೇಲೆ ಮಾಡಿದ್ದೇನು? ಮರಾಠಿ ನಾಟಕ ಕಂಪನಿ ಸೇರಿದರು, ಸೀರೆ ಉಟ್ಟು ಸ್ತ್ರೀಪಾತ್ರ ಹಾಕಿದರು. ಉಸ್ತಾದರಿಗೆ ಇದು ಇಷ್ಟವಿರಲಿಲ್ಲ. ತಾನು ಕಲಿಸಿದ ವಿದ್ಯೆ ರಂಗದ ಚಪ್ಪಾಳೆಗೆ ಹೋಗುತ್ತದಲ್ಲ ಎಂಬ ಸಂಕಟ ಗುರುವಿಗೆ ಬರುವುದು ಸಹಜ. ಶಿಷ್ಯನಿಗಾದರೋ ಹೊಟ್ಟೆಪಾಡೂ ನಡೆಯಬೇಕು, ಜನರ ಎದುರು ಹಾಡಬೇಕೆಂಬ ಆಸೆಯೂ ಸುಮ್ಮನಿರಲು ಬಿಡದು.

ಮರಾಠಿ ರಂಗಭೂಮಿಯಲ್ಲಿ ಆಗ ಬಾಲಗಂಧರ್ವರ ಹೆಸರು ಮನೆಮಾತು. ಸ್ತ್ರೀಪಾತ್ರ, ಹಾಡು ಎರಡರಲ್ಲೂ ಅವರನ್ನು ಮೀರಿಸಿದವರಿಲ್ಲ ಅನ್ನುವ ಕಾಲ. ಅಮರಾವತಿಯಲ್ಲಿ ರಾಮಭಾವು ಅವರ ಹಾಡು ಕೇಳಿದವರು ಕೊಟ್ಟ ಬಿರುದು 'ಸವಾಯಿ ಗಂಧರ್ವ'. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲು ಭಾಗ ಹೆಚ್ಚು ಅಂತ ಲೆಕ್ಕ! ಕುಂದಗೋಳದ ಹುಡುಗನಿಗೆ ಈ ಬಿರುದು ಸಿಕ್ಕಿದ್ದು ನಾಟಕದಿಂದ, ಅದನ್ನು ಉಳಿಸಿದ್ದು ಸಂಗೀತ.

ನಾಟಕದ ದಿನಗಳು ಮುಗಿದ ಮೇಲೆ ಅವರು ಊರಿಗೆ ಬಂದು ಪಾಠ ಹೇಳಿದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ ಅದೇ ಮನೆಯಲ್ಲಿದ್ದು, ನೀರು ಹೊತ್ತು, ಸೇವೆ ಮಾಡಿ ಕಲಿತರು. ಮುಂದೆ ಆ ಹುಡುಗ ಭಾರತರತ್ನರಾದರು. ಮುಂಬೈಯ ಪಾರ್ಸಿ ಫಿರೋಜ್ ದಸ್ತೂರ್ ಕೂಡ ಇವರ ಶಿಷ್ಯರೇ. 1933ರ 'ಲಾಲ್-ಎ-ಯಮನ್' ಸಿನೆಮಾದಲ್ಲಿ ಬಾಲಕನಾಗಿ ನಟಿಸಿ ಹಾಡಿದ್ದ ದಸ್ತೂರ್, ತೆರೆಯ ಹೆಸರು ಬಿಟ್ಟು ರಾಗದ ದಾರಿ ಹಿಡಿದರು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ನೆನಪಿನ ಸಂಗೀತೋತ್ಸವ ಪುಣೆಯಲ್ಲಿ 1953ರಿಂದ ಶುರುವಾಗಿ ಇಂದು ದೇಶದ ದೊಡ್ಡ ಉತ್ಸವಗಳಲ್ಲಿ ಒಂದು. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಅವರ ಹೆಸರಿನಲ್ಲಿ ಹಾಡುಗಾರಿಕೆ ನಡೆಯುತ್ತದೆ.

ಕುಂದಗೋಳ ತಾಲೂಕಿನದೇ ಯಲಿವಾಳದ ಬಸವರಾಜ ರಾಜಗುರು ಕೂಡ ಚಿಕ್ಕವರಿದ್ದಾಗ ನಾಟಕ ಕಂಪನಿಯಲ್ಲಿದ್ದವರು. ಧಾರವಾಡದ ಪಕ್ಕದ ಮನ್ಸೂರಿನ ಮಲ್ಲಿಕಾರ್ಜುನ ಮನ್ಸೂರರೂ ಅಷ್ಟೆ, ಬಾಲಕನಾಗಿ ರಂಗ ಹತ್ತಿ ಹಾಡಿದವರು. ನಾಟಕದಲ್ಲಿ ಅವರ ಕಂಠ ಕೇಳಿದ ಮೇಲೆಯೇ ಗುರುಗಳು ಕಲಿಸಲು ಮುಂದೆ ಬಂದದ್ದು. ಮುಂದೆ ಮನ್ಸೂರರನ್ನು ತಿದ್ದಿದವರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್ ಮತ್ತು ಬುರ್ಜೀ ಖಾನ್. ಶಿವಭಕ್ತ ಮನೆತನದ ಹುಡುಗ, ಮುಸಲ್ಮಾನ ಉಸ್ತಾದರು. ಮನ್ಸೂರರು ಬದುಕಿಡೀ ಆ ಗುರುಗಳ ಹೆಸರು ಬಂದಾಗ ಭಕ್ತಿಯಿಂದ ನೆನೆದರು.

ಇಷ್ಟು ಕೇಳಿದ ಮೇಲೆ 'ನಟನೂ ಹಾಡುತ್ತಾನೆ' ಎಂಬುದು ಅಚ್ಚರಿಯಾಗಿ ಉಳಿಯುವುದಿಲ್ಲ. ಈ ಸೀಮೆಯಲ್ಲಿ ನಾಟಕದ ಕಂಪನಿಯೇ ಗಾಯಕರನ್ನು ಹುಡುಕಿ ಕೊಡುವ ಶಾಲೆಯಾಗಿತ್ತು.

ಹಾಗಾದರೆ ಬೇರ್ಪಟ್ಟದ್ದು ಯಾವಾಗ? ಸಿನೆಮಾ ಬಂದ ಮೇಲೆ. ಅದೂ ಮೊದಲಲ್ಲೇ ಅಲ್ಲ. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ'ದಲ್ಲಿ ನಾಟಕದವರೇ ನಟಿಸಿದರು, ಅವರೇ ಹಾಡಿದರು. ಹಿಂದಿಯಲ್ಲಿ ಸೈಗಲ್, ನೂರ್‌ಜಹಾನ್, ಸುರೈಯಾ ತಾವೇ ಹಾಡಿ ತಾವೇ ನಟಿಸಿದರು. 1935ರ ಹೊತ್ತಿಗೆ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದಲ್ಲಿ ತುಟಿ ಆಡಿಸುವ ದಾರಿ ಕಂಡುಕೊಂಡರು. ಅಲ್ಲಿಂದ ಮುಖ ಒಬ್ಬರದು, ಸ್ವರ ಇನ್ನೊಬ್ಬರದು.

ಈ ಬದಲಾವಣೆಯ ನಡುವೆ ನಿಂತವರು ಬೀಳಗಿಯ ಅಕ್ಕ-ತಂಗಿ, ಗೋಹರಬಾಯಿ ಕರ್ನಾಟಕಿ ಮತ್ತು ಅಮೀರ್‌ಬಾಯಿ ಕರ್ನಾಟಕಿ. ಕಲ್ಕತ್ತೆಯ ಪ್ರಸಿದ್ಧ ಗೋಹರ್ ಜಾನ್ ಬೇರೆ, ನಮ್ಮ ಈ ಗೋಹರ್ ಬೇರೆ. ಆಗ ವಿಜಾಪುರ ಜಿಲ್ಲೆಯಲ್ಲಿದ್ದ, ಈಗ ಬಾಗಲಕೋಟೆಗೆ ಸೇರಿದ ಬೀಳಗಿಯಿಂದ ಹೊರಟ ಮುಸ್ಲಿಂ ಹೆಣ್ಣುಮಕ್ಕಳು ಹಾಡು, ಅಭಿನಯ ಎರಡನ್ನೂ ನಂಬಿ ಮುಂಬೈ ಮುಟ್ಟಿದರು. ಗೋಹರಬಾಯಿ ಬಾಲಗಂಧರ್ವರ ಕಂಪನಿ ಸೇರಿ ಅವರೊಂದಿಗೆ ರಂಗದ ಮೇಲೆ ನಿಂತರು, ಮುಂದೆ ಅವರ ಬಾಳಸಂಗಾತಿಯೂ ಆದರು. ಬಾಲಗಂಧರ್ವರನ್ನು ದೇವರೆನ್ನುತ್ತಿದ್ದ ಎಷ್ಟೋ ಅಭಿಮಾನಿಗಳಿಗೆ ಇದು ಸಹಿಸಲಾಗಲಿಲ್ಲ. ಆ ಮನೆಯ ಕಷ್ಟಕ್ಕೆಲ್ಲ ಇವಳೇ ಕಾರಣ ಅಂತ ಮಾತು ಹಚ್ಚಿದರು. ಕಂಪನಿ ಸೋತು, ಬಾಲಗಂಧರ್ವರ ಮೈ ಸೋತ ಕಾಲದಲ್ಲಿ ಜೊತೆಗಿದ್ದವರು ಇದೇ ಗೋಹರಬಾಯಿ. ಅವರು 1964ರಲ್ಲಿ ತೀರಿಕೊಂಡರು, ಬಾಲಗಂಧರ್ವರು 1967ರಲ್ಲಿ.

ಅಮೀರ್‌ಬಾಯಿ ಸಿನೆಮಾದಲ್ಲಿ ನಟಿಯಾಗಿಯೇ ಕಾಲಿಟ್ಟವರು. ಆದರೆ ಹೆಸರು ತಂದದ್ದು ಸ್ವರ. 1943ರ 'ಕಿಸ್ಮತ್' ಸಿನೆಮಾದಲ್ಲಿ ತೆರೆಯ ಮೇಲೆ ಮುಮ್ತಾಜ್ ಶಾಂತಿ ತುಟಿ ಆಡಿಸಿದರೆ, ಹಾಡಿದ್ದು ಅಮೀರ್‌ಬಾಯಿ. ಆ ಸಿನೆಮಾ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಅಷ್ಟು ವರ್ಷ ಜನ ಕೇಳಿದ್ದು ಬೀಳಗಿಯ ಕಂಠ, ನೋಡಿದ್ದು ಬೇರೆ ಮುಖ. ತಾನೇ ನಟಿಯಾಗಿದ್ದವಳು ಇನ್ನೊಬ್ಬ ನಟಿಯ ಹಿಂದೆ ಮರೆಯಾದ ಪರಿ ಇದು. 1965ರಲ್ಲಿ ಅವರು ತೀರಿಕೊಂಡರು. ವಿಜಾಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಊರಿನಲ್ಲಿ ಉಳಿಸಿತು. ರಹಮತ್ ತರೀಕೆರೆಯವರು ಊರೂರು ತಿರುಗಿ ಅಮೀರ್‌ಬಾಯಿಯ ಬದುಕನ್ನು ಕನ್ನಡದಲ್ಲಿ ಪುಸ್ತಕ ಮಾಡಿದ ಮೇಲೆಯೇ ನಮ್ಮಲ್ಲಿ ಹಲವರಿಗೆ ಈ ಹೆಸರು ಗೊತ್ತಾದದ್ದು.

ಡಾ. ರಾಜ್‌ಕುಮಾರ್ ಅವರನ್ನೇ ನೋಡಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ನಟ, ಮಗ ಗುಬ್ಬಿ ಕಂಪನಿಯಲ್ಲಿ ಹಾಡುತ್ತಲೇ ಬೆಳೆದವರು. 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ನಾಯಕರಾದರು. 1956ರ 'ಓಹಿಲೇಶ್ವರ'ದಲ್ಲಿ ಹಾಡಿದಂಥ ಒಂದೆರಡು ಸಂದರ್ಭ ಬಿಟ್ಟರೆ, ತೆರೆಯ ಮೇಲೆ ಅವರಿಗೆ ಸ್ವರವಾದವರು ಮುಖ್ಯವಾಗಿ ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅವರೇ ಹಾಡಿದಾಗ ನಾಡಿಗೆ ನಾಡೇ 'ಅರೆ, ಅಣ್ಣಾವ್ರು ಹಾಡ್ತಾರೆ!' ಅಂತ ಬೆರಗಾಯಿತು. ಮುಂದೆ 'ಜೀವನ ಚೈತ್ರ'ದ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯೂ ಬಂತು. ಕಂಠ 1974ರಲ್ಲಿ ಹೊಸದಾಗಿ ಬಂದದ್ದಲ್ಲ. ಇದ್ದದ್ದೇ. ಬಹಳ ವರ್ಷ ಸಿನೆಮಾ ಅದನ್ನು ಹೆಚ್ಚು ಕೇಳಲಿಲ್ಲ, ಅಷ್ಟೆ.

ನಟನಲ್ಲಿ ಗಾಯಕ ಸಿಕ್ಕಿದಾಗ ನಾವು ಹಿಗ್ಗುವುದು ಒಳ್ಳೆಯದೇ. ಆದರೆ ಅದು ಪವಾಡವಲ್ಲ. ಹಿಂದೆ ಯಾರೋ ಕಲಿಸಿದ್ದಾರೆ, ಯಾರೋ ರಂಗ ಕೊಟ್ಟಿದ್ದಾರೆ, ಯಾರದೋ ಚುಚ್ಚು ಮಾತನ್ನು ನುಂಗಿಕೊಂಡು ಅವರು ಹಾಡಿದ್ದಾರೆ. ಅಬ್ದುಲ್ ಕರೀಮ್ ಖಾನರಿಗೆ ಶಿಷ್ಯ ರಂಗ ಹತ್ತಿದ್ದು ಹಿಡಿಸಲಿಲ್ಲ ಅಂದೆವಲ್ಲ, ಅವರದೇ ಮಗಳು ಹೀರಾಬಾಯಿ ಬಡೋದೆಕರ್ ಮುಂದೆ ಮರಾಠಿ ಸಂಗೀತ ನಾಟಕಗಳಲ್ಲಿ ನಟಿಸಿ ಹಾಡಿದರು. ಗುರು ಬೇಡವೆಂದರೂ ವಿದ್ಯೆ ತನ್ನ ದಾರಿ ಹಿಡಿಯಿತು. ಉಸ್ತಾದರು 1937ರಲ್ಲಿ ಪ್ರಯಾಣದ ನಡುವೆ ಮದರಾಸಿನ ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಅವರ ಖಬರ್ ಮಿರಜಿನ ಮೀರಾಸಾಹೇಬ್ ದರ್ಗಾದ ಆವರಣದಲ್ಲಿದೆ. ಅಲ್ಲಿ ಇಂದಿಗೂ ಉರೂಸಿನ ಹೊತ್ತಿಗೆ ಗಾಯಕರು ಬಂದು ಹಾಡಿ ಹೋಗುತ್ತಾರೆ. ಜಾತಿ, ಧರ್ಮ ಯಾರೂ ಕೇಳುವುದಿಲ್ಲ.

ನಮ್ಮ ಮನೆಗಳಲ್ಲೂ ಮದುವೆಯ ಹಾಡು ಹೇಳುವ ಉಮ್ಮಂದಿರಿದ್ದರು, ದಫ್ ಬಾರಿಸುತ್ತಾ ಸ್ವರವೆತ್ತುವ ಹುಡುಗರಿದ್ದಾರೆ. ಅವರಲ್ಲಿ ಒಳ್ಳೆಯ ಕಂಠ ಯಾರದು ಅಂತ ಊರಿಗೆ ಗೊತ್ತಿರುತ್ತದೆ. ಬರೆದಿಟ್ಟವರು ಕಡಿಮೆ. ಮುಂದಿನ ಸಲ ಲಾರಿಯಲ್ಲೋ ಬಸ್ಸಿನಲ್ಲೋ ಕಲಘಟಗಿ ದಾಟುವಾಗ ಮಿಶ್ರಿಕೋಟಿಯ ಕಡೆ, ಹುಬ್ಬಳ್ಳಿ ದಾಟುವಾಗ ಕುಂದಗೋಳದ ಕಡೆ ಒಮ್ಮೆ ನೋಡಿ. ಆಮೇಲೆ ಮನೆಗೆ ಬಂದು, ವಯಸ್ಸಾದ ಉಮ್ಮನ ಹತ್ತಿರ ಕೂತು, ನೆನಪಿರುವ ಒಂದು ಹಾಡನ್ನು ಅದೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಾಡಿದವರ ಹೆಸರು, ಊರು ಬರೆಯಲು ಮಾತ್ರ ಮರೆಯಬೇಡಿ.