ಚಳಿಯಲ್ಲೂ ಚಡ್ಡಿ ಯಾಕೆ?

ಪುಷ್ಯ ಮಾಸದ ಒಂದು ಸಂಜೆ. ನಮ್ಮ ಕಲಿಕಾ ಕೇಂದ್ರದಲ್ಲಿ ಹದಿನಾರು ಜನ ಅಕ್ಕಂದಿರು ಸೇರಿದ್ದರು. ಎಲ್ಲರ ತಲೆ ಮೇಲೂ ಸೆರಗು. ಕೆಲವರು ಕಂಬಳಿ ಹೊದ್ದು ಬಂದಿದ್ದರು. ಬಳಪ ಹಿಡಿಯಲು ಕೈ ಹೊರಗೆ ತೆಗೆಯುವುದಕ್ಕೂ ಯಾರಿಗೂ ಮನಸ್ಸಿಲ್ಲ. ಅಷ್ಟು ಚಳಿ.

ಅಷ್ಟರಲ್ಲಿ ಕಿಟಕಿಯ ಆಚೆ ಒಬ್ಬರು ನಡೆದು ಹೋದರು. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಬ್ಯಾಟರಿ. ತಲೆಗೆ ಟವೆಲು ಸುತ್ತಿದ್ದರು. ಮೈಗೆ ಸ್ವೆಟರು ಹಾಕಿದ್ದರು. ಆದರೆ ಕೆಳಗೆ ಬರೀ ಪಟಾಪಟಿ ಚಡ್ಡಿ!

ಒಬ್ಬ ಅಕ್ಕ ನಾಚಿಕೊಂಡು ಹೇಳಿದರು: "ನಮ್ಮ ಮನೆಯೋರು ಟೀಚರಮ್ಮ. ತೋಟಕ್ಕೆ ನೀರು ಕಟ್ಟೋಕೆ ಹೋಗ್ತಾವ್ರೆ. ರಾತ್ರಿನೇ ಕರೆಂಟು ಬರೋದು."

ಎಲ್ಲರೂ ನಕ್ಕರು. ಆ ಅಕ್ಕ ಮಾತ್ರ ನಗಲಿಲ್ಲ. "ನಂಗೆ ಎರಡು ಕಂಬಳಿ ಹೊದ್ರೂ ಚಳಿ ಬಿಡಲ್ಲ. ಅದಕ್ಕೆ ಅವರು, ನೀನು ಸೋಮಾರಿ, ಚಳಿಗೆ ಹೆದರ್ತೀಯ ಅಂತಾರೆ. ಗಂಡಸರಿಗೆ ಚಳಿ ಆಗಲ್ವಾ ಟೀಚರಮ್ಮ?"

ಒಳ್ಳೆಯ ಪ್ರಶ್ನೆ. ಅವತ್ತು ನಾವು ಪುಸ್ತಕದ ಪಾಠ ಪಕ್ಕಕ್ಕಿಟ್ಟು ಇದನ್ನೇ ಮಾತಾಡಿದೆವು. ಆ ಮಾತು ನಿಮಗೂ ಬೇಕಾಗುತ್ತದೆ ಅಂತ ಇಲ್ಲಿ ಬರೆದಿದ್ದೇವೆ.

ನಮ್ಮ ಮೈ ಒಂದು ಒಲೆ

ನಮ್ಮ ಮೈ ಉರಿಯುವ ಒಲೆಯ ಹಾಗೆ. ತಿಂದ ಊಟವೇ ಅದಕ್ಕೆ ಸೌದೆ. ಹಗಲಿರಲಿ ರಾತ್ರಿಯಿರಲಿ, ಮೈಯ ಒಳಗೆ ಸುಮಾರು 37 ಡಿಗ್ರಿ ಬಿಸಿ ಇರಬೇಕು. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ನಮ್ಮ ಮೈಯ ಬಿಸಿ ಹೊರಗೆ ಹೋಗುತ್ತಾ ಇರುತ್ತದೆ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಯ ಚಳಿ ಬಿದ್ದಿತ್ತು. 37 ಎಲ್ಲಿ, 7 ಎಲ್ಲಿ! ಅಂಥ ದಿನ ಮೈಯ ಬಿಸಿ ಬಹಳ ಬೇಗ ಸೋರಿ ಹೋಗುತ್ತದೆ.

ಆಗ ಮೈ ಎರಡು ಉಪಾಯ ಮಾಡುತ್ತದೆ. ಮೊದಲನೆಯದು, ಬಾಗಿಲು ಮುಚ್ಚುವುದು. ಚರ್ಮದ ಕೆಳಗೆ ಸಣ್ಣ ಸಣ್ಣ ರಕ್ತನಾಳಗಳಿವೆ. ಚಳಿ ತಾಗಿದ ಕೂಡಲೇ ಅವು ಕಿರಿದಾಗುತ್ತವೆ. ಬಿಸಿ ರಕ್ತ ಒಳಗೇ ಉಳಿಯುತ್ತದೆ. ಅದಕ್ಕೇ ಚಳಿಯಲ್ಲಿ ಕೈ ಕಾಲು ತಣ್ಣಗಾಗುವುದು. ಎರಡನೆಯದು, ನಡುಗುವುದು. ನಡುಗಿದಾಗ ಮಾಂಸಖಂಡಗಳು ಕೆಲಸ ಮಾಡುತ್ತವೆ. ಕೆಲಸ ಮಾಡಿದರೆ ಬಿಸಿ ಹುಟ್ಟುತ್ತದೆ.

ಅಂದರೆ ಚಳಿ ಅನ್ನುವುದು ಲೆಕ್ಕದ ಮಾತು. ಎಷ್ಟು ಬಿಸಿ ಹುಟ್ಟಿತು? ಎಷ್ಟು ಬಿಸಿ ಸೋರಿತು? ಹುಟ್ಟಿದ್ದು ಹೆಚ್ಚಾದರೆ ಬೆಚ್ಚಗೆ, ಸೋರಿದ್ದು ಹೆಚ್ಚಾದರೆ ಚಳಿ. ಇದರಲ್ಲಿ ಧೈರ್ಯದ ಮಾತೂ ಇಲ್ಲ, ಸೋಮಾರಿತನದ ಮಾತೂ ಇಲ್ಲ.

ದುಡಿಯುವ ಕಾಲು ಬಿಸಿ

ಸುಮ್ಮನೆ ಕೂತವರ ಮೈಯಿಂದ ಹಳೇ ಕಾಲದ 100 ವ್ಯಾಟಿನ ಬಲ್ಬು ಕೊಡುವಷ್ಟು ಬಿಸಿ ಬರುತ್ತದೆ. ಗುದ್ದಲಿ ಹಿಡಿದು ಅಗೆಯುವಾಗ ಅದು ನಾಲ್ಕೈದು ಪಟ್ಟು ಹೆಚ್ಚುತ್ತದೆ. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾಂಸಖಂಡಗಳು ಇರುವುದು ತೊಡೆ ಮತ್ತು ಸೊಂಟದ ಹಿಂಭಾಗದಲ್ಲಿ. ನಡೆಯುವಾಗ, ಏರಿ ಇಳಿಯುವಾಗ ಅವೇ ದುಡಿಯುವುದು. ಹಾಗಾಗಿ ನಡೆಯುವವರ ಕಾಲು ಬರಿದಾಗಿದ್ದರೂ ಒಳಗೆ ಬಿಸಿ ಹುಟ್ಟುತ್ತಾ ಇರುತ್ತದೆ.

ಇನ್ನೊಂದು ಮಾತು. ಸ್ನಾನಕ್ಕೆ ಕೂತಾಗ ನೆನಪು ಮಾಡಿಕೊಳ್ಳಿ. ತಣ್ಣೀರು ಕಾಲಿಗೆ ಬಿದ್ದರೆ ತಡೆಯುತ್ತೇವೆ. ಅದೇ ನೀರು ಬೆನ್ನಿಗೆ ಬಿದ್ದರೆ ಬೆಚ್ಚಿ ಬೀಳುತ್ತೇವೆ. ಕಾಲಿಗೆ ಚಳಿ ಸ್ವಲ್ಪ ಕಡಿಮೆ ಗೊತ್ತಾಗುತ್ತದೆ. ಆ ಅಕ್ಕನ ಯಜಮಾನರನ್ನೇ ನೋಡಿ. ತಲೆಗೆ ಟವೆಲು, ಎದೆಗೆ ಸ್ವೆಟರು. ಮೇಲೆ ಚಳಿಗಾಲ, ಕೆಳಗೆ ಬೇಸಿಗೆ! ಅವರಿಗೂ ಚಳಿ ಆಗುತ್ತದೆ. ಎಲ್ಲಿ ಮುಚ್ಚಬೇಕೋ ಅಲ್ಲಿ ಮುಚ್ಚಿದ್ದಾರೆ, ಅಷ್ಟೆ.

ಒದ್ದೆ ಬಟ್ಟೆಗಿಂತ ಬರಿಗಾಲು ಮೇಲು

ಸರಿ, ಪ್ಯಾಂಟು ಹಾಕಿಕೊಂಡೇ ಹೋಗಬಹುದಲ್ಲ? ಹೋಗಬಹುದು. ಆದರೆ ನೀರು ಕಟ್ಟುವ ಕೆಲಸ ಕೆಸರಿನ ಕೆಲಸ. ಪ್ಯಾಂಟು ಮೊಣಕಾಲಿನ ತನಕ ನೆನೆಯುತ್ತದೆ. ಒದ್ದೆ ಬಟ್ಟೆ ಕಾಲಿಗೆ ಅಂಟಿಕೊಳ್ಳುತ್ತದೆ. ನೀರು ನಮ್ಮ ಮೈಯ ಬಿಸಿಯನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಎಳೆದುಕೊಳ್ಳುತ್ತದೆ. ಬರಿಗಾಲಾದರೆ ಒರೆಸಿದ ಕೂಡಲೇ ಒಣಗುತ್ತದೆ. ಪ್ಯಾಂಟು ರಾತ್ರಿ ಪೂರಾ ಒದ್ದೆಯಾಗೇ ಇರುತ್ತದೆ.

ಇದು ನಮಗೆ ಗೊತ್ತಿಲ್ಲದ್ದೇನಲ್ಲ. ನಾಟಿಗೆ ಇಳಿಯುವಾಗ ನಾವು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸುವುದಿಲ್ಲವೇ? ಲೆಕ್ಕ ಒಂದೇ.

ಬ್ರಿಟನ್ ನಮಗಿಂತ ಬಹಳ ಚಳಿಯ ದೇಶ. ಅಲ್ಲಿಯೂ ಚಳಿಗಾಲದಲ್ಲಿ ಚಡ್ಡಿ ಹಾಕಿಕೊಂಡು ಕಾಗದ ಹಂಚುವ ಪೋಸ್ಟ್‌ಮ್ಯಾನ್‌ಗಳಿದ್ದಾರೆ. ಅವರ ಕೆಲಸವೂ ನಡೆಯುವ ಕೆಲಸ. ಅಲ್ಲಿ ಮಳೆಯೂ ಹೆಚ್ಚು. ಒದ್ದೆ ಪ್ಯಾಂಟಿಗಿಂತ ಒದ್ದೆ ಕಾಲೇ ವಾಸಿ ಅನ್ನುವುದು ಅವರಿಗೂ ಗೊತ್ತು.

ಹಂಡೆ ಮತ್ತು ಚೆಂಬು

ಒಂದು ಹಂಡೆ ಬಿಸಿನೀರು, ಒಂದು ಚೆಂಬು ಬಿಸಿನೀರು ಅಂಗಳದಲ್ಲಿ ಇಡಿ. ಯಾವುದು ಮೊದಲು ಆರುತ್ತದೆ? ಚೆಂಬೇ. ಹಂಡೆ ಬಹಳ ಹೊತ್ತು ಬೆಚ್ಚಗಿರುತ್ತದೆ.

ಮನುಷ್ಯರೂ ಹಾಗೇ. ದೊಡ್ಡ ಮೈ ಹಂಡೆಯಂತೆ, ಸಣ್ಣ ಮೈ ಚೆಂಬಿನಂತೆ. ಸಾಮಾನ್ಯವಾಗಿ ಗಂಡಸರ ಮೈ ನಮಗಿಂತ ದೊಡ್ಡದು. ಮಾಂಸಖಂಡವೂ ಹೆಚ್ಚು. ಹಾಗಾಗಿ ಅವರಲ್ಲಿ ಬಿಸಿ ಹೆಚ್ಚು ಹುಟ್ಟುತ್ತದೆ. ಹೆಂಗಸರ ಮೈ ಬೇಗ ಬಾಗಿಲು ಮುಚ್ಚಿ ಒಳಗಿನ ಬಿಸಿ ಕಾಪಾಡುತ್ತದೆ. ಅದಕ್ಕೆ ನಮ್ಮ ಕೈ ಕಾಲು ಬೇಗ ತಣ್ಣಗಾಗುತ್ತವೆ.

ಎಲ್ಲಕ್ಕಿಂತ ಸಣ್ಣ ಚೆಂಬು ಯಾವುದು? ಹಸುಗೂಸು. ಅದಕ್ಕೆ ನಡುಗಿ ಬಿಸಿ ಮಾಡಿಕೊಳ್ಳುವುದಕ್ಕೂ ಸರಿಯಾಗಿ ಬರುವುದಿಲ್ಲ. ಅಪ್ಪ ಚಡ್ಡಿಯಲ್ಲಿ ಓಡಾಡುತ್ತಾನೆ ಅಂತ ಮಗುವನ್ನು ಬರಿಮೈಯಲ್ಲಿ ಬಿಡಬಾರದು. ತಲೆಗೆ ಟೋಪಿ ಹಾಕಿ. ತಾಯಿಯ ಎದೆಗೆ ಅಪ್ಪಿಕೊಂಡು ಮೇಲೆ ಬಟ್ಟೆ ಹೊದಿಸಿ. ಹುಟ್ಟಿದ ದಿನವೇ ಸ್ನಾನ ಮಾಡಿಸಬೇಡಿ. ವಯಸ್ಸಾದ ಅಜ್ಜ ಅಜ್ಜಿಯರಿಗೂ ಬಿಸಿ ಕಡಿಮೆ ಹುಟ್ಟುತ್ತದೆ. ಅವರಿಗೆ ಚಳಿ ಆದದ್ದು ಬೇಗ ಗೊತ್ತೂ ಆಗುವುದಿಲ್ಲ. ನಾವೇ ಕೇಳದೆ ಹೊದಿಸಬೇಕು.

ಅಭ್ಯಾಸ ಗಂಡಸರಿಗೆ ಮಾತ್ರವೇ?

"ನಂಗೆ ಅಭ್ಯಾಸ ಆಗೈತೆ" ಅಂತ ಗಂಡಸರು ಹೇಳುತ್ತಾರೆ. ಅದು ಸುಳ್ಳಲ್ಲ. ದಿನಾ ಚಳಿಗೆ ಮೈ ಒಡ್ಡಿದರೆ ಮೈ ಒಗ್ಗಿಕೊಳ್ಳುತ್ತದೆ. ಆದರೆ ಹೆಂಗಸರ ಮೈಯೂ ಒಗ್ಗಿಕೊಳ್ಳುತ್ತದೆ.

ಕೊರಿಯಾ ದೇಶದ ಕಡಲ ಕರೆಯ ಊರುಗಳಲ್ಲಿ ಸಮುದ್ರಕ್ಕೆ ಧುಮುಕಿ ಚಿಪ್ಪು, ಪಾಚಿ ತೆಗೆದು ಸಂಸಾರ ನಡೆಸುವ ಹೆಂಗಸರಿದ್ದಾರೆ. ಅಲ್ಲಿಯ ಜೆಜು ದ್ವೀಪ ಇದಕ್ಕೆ ಹೆಸರಾದದ್ದು. 1970ರ ದಶಕದವರೆಗೆ ಅವರು ತೆಳು ಹತ್ತಿ ಬಟ್ಟೆ ತೊಟ್ಟು, ಕೊರೆಯುವ ಚಳಿಗಾಲದಲ್ಲೂ ನೀರಿಗೆ ಇಳಿಯುತ್ತಿದ್ದರು. ವಿಜ್ಞಾನಿಗಳು ಅವರನ್ನು ಪರೀಕ್ಷೆ ಮಾಡಿ ನೋಡಿದರು. ಚಳಿಗಾಲದಲ್ಲಿ ಅವರ ಮೈಯ ಒಲೆ ಜೋರಾಗಿ ಉರಿಯುತ್ತಿತ್ತು. ಆಮೇಲೆ ಬೆಚ್ಚಗಿನ ರಬ್ಬರ್ ಉಡುಪು ಬಂತು. ಕೆಲವೇ ವರ್ಷಗಳಲ್ಲಿ ಆ ಅಭ್ಯಾಸ ಮೈಯಿಂದ ಹೊರಟುಹೋಯಿತು. ಅಭ್ಯಾಸಕ್ಕೆ ಗಂಡು ಹೆಣ್ಣು ಅನ್ನುವ ಭೇದವಿಲ್ಲ.

ಸುಳ್ಳು ಬಿಸಿ

ಎಲ್ಲ ಚಡ್ಡಿಯೂ ಕೆಲಸದ ಚಡ್ಡಿಯಲ್ಲ. ಕೆಲವರದು ಜಂಬದ ಚಡ್ಡಿ. "ನೋಡು, ನಂಗೆ ಚಳಿನೇ ಇಲ್ಲ" ಅಂತ ತೋರಿಸುವುದಕ್ಕೆ. ಅದೂ ಹೋಗಲಿ, ನಕ್ಕು ಬಿಡೋಣ.

ಆದರೆ ಇನ್ನೊಂದು ಇದೆ, ಅದಕ್ಕೆ ನಗುವ ಹಾಗಿಲ್ಲ. "ಚಳಿಗೆ ಎರಡು ಗುಟುಕು ಬೇಕು" ಅಂತ ಕುಡಿದು ಹೊರಡುವವರಿದ್ದಾರೆ. ಕುಡಿದರೆ ಮೈ ಬಿಸಿಯಾಯಿತು ಅನ್ನಿಸುತ್ತದೆ. ಅದು ಸುಳ್ಳು ಬಿಸಿ. ಚಳಿಗೆ ಮೈ ಬಾಗಿಲು ಮುಚ್ಚುತ್ತದೆ ಅಂತ ಹೇಳಿದೆವಲ್ಲ, ಹೆಂಡ ಆ ಬಾಗಿಲು ತೆರೆಯುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ. ಚರ್ಮ ಬೆಚ್ಚಗೆ, ಒಳಗೆ ತಣ್ಣಗೆ. ಕುಡಿದವರು ಚಳಿಯಲ್ಲಿ ಬದುವಿನ ಮೇಲೆ ಮಲಗಿಬಿಟ್ಟರೆ ಜೀವಕ್ಕೇ ಅಪಾಯ.

ಚಳಿಗೆ ಸಿಕ್ಕವರ ಮಾತು ತೊದಲಿದರೆ, ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ ಮಂಕಾದರೆ, ತಡ ಮಾಡಬೇಡಿ. ಒದ್ದೆ ಬಟ್ಟೆ ತೆಗೆಯಿರಿ. ಒಣ ಕಂಬಳಿ ಹೊದಿಸಿ. ಎಚ್ಚರ ಇದ್ದರೆ ಬಿಸಿ ಹಾಲು, ಗಂಜಿ ಕೊಡಿ. ಹೆಂಡ ಕೊಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಯಾವಾಗಲೂ ಚಳಿ ಅನ್ನಿಸಿದರೆ?

ಈಗ ಆ ಅಕ್ಕನ ಮಾತಿಗೆ ಬರೋಣ. ಮನೆಯವರಿಗೆಲ್ಲ ಬೆಚ್ಚಗೆ, ಇವರೊಬ್ಬರಿಗೆ ಎರಡು ಕಂಬಳಿ ಹೊದ್ದರೂ ಚಳಿ. ನಾವು ಕೇಳಿದೆವು: "ಸುಸ್ತು ಆಗ್ತದಾ ಅಕ್ಕ? ಕೊಡ ಹೊತ್ತರೆ ಏದುಸಿರು ಬರ್ತದಾ? ತಲೆ ಸುತ್ತುತ್ತಾ?" ಎಲ್ಲದಕ್ಕೂ "ಹೂಂ" ಅಂದರು. ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆವು. ಒಳಗೆ ಕೆಂಪಿರಲಿಲ್ಲ, ಬಿಳಿಚಿಕೊಂಡಿತ್ತು.

ಇದು ರಕ್ತಹೀನತೆಯ ಗುರುತು. ಒಲೆ ಉರಿಯಲು ಗಾಳಿ ಬೇಕು. ಮೈಯ ಒಲೆಗೆ ಗಾಳಿ ಹೊತ್ತು ತರುವುದು ರಕ್ತದ ಕೆಂಪು ಅಂಶ. ಅದಕ್ಕೆ ಹಿಮೋಗ್ಲೋಬಿನ್ ಅನ್ನುತ್ತಾರೆ. ಅದು ಕಡಿಮೆಯಾದರೆ ಒಲೆ ಮಂದವಾಗುತ್ತದೆ. ಸೌದೆ ಇದ್ದರೂ ಉರಿಯುವುದಿಲ್ಲ.

ಇದು ಒಬ್ಬಿಬ್ಬರ ಕಷ್ಟವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಇತ್ತು. ಯಾಕೆ? ತಿಂಗಳು ತಿಂಗಳೂ ರಕ್ತ ಹೋಗುತ್ತದೆ. ಬಸಿರು ಬಾಣಂತನದಲ್ಲಿ ಹೋಗುತ್ತದೆ. ಬರಿಗಾಲಲ್ಲಿ ಓಡಾಡಿದರೆ ಕೊಕ್ಕೆಹುಳು ಮೈಗೆ ಸೇರಿ ರಕ್ತ ಹೀರುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ಉಣ್ಣುವವರೂ ನಾವೇ.

ಏನು ಮಾಡಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು, ಬಸುರಿಯರಿಗೆ 11ಕ್ಕೆ ಕಡಿಮೆ ಇರಬಾರದು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ ತಪ್ಪದೆ ನುಂಗಿ. ಮಲ ಕಪ್ಪಗೆ ಹೋದರೆ ಹೆದರಬೇಡಿ, ಅದು ಮಾತ್ರೆಯಿಂದ. ಮಾತ್ರೆಯ ಜೊತೆಗೆ ಕಾಫಿ, ಟೀ ಕುಡಿಯಬೇಡಿ. ಸೊಪ್ಪು, ಕಾಳು ತಿನ್ನಿ, ಮೇಲೆ ನಿಂಬೆಹುಳಿ ಹಿಂಡಿಕೊಳ್ಳಿ. ಥೈರಾಯ್ಡ್ ಕಾಯಿಲೆಯಲ್ಲೂ ಚಳಿ ಹೆಚ್ಚು ಅನ್ನಿಸುತ್ತದೆ. ಆದ್ದರಿಂದ ನಾವೇ ಇಂಥದ್ದು ಅಂತ ತೀರ್ಮಾನ ಮಾಡದೆ ವೈದ್ಯರಿಗೆ ತೋರಿಸಬೇಕು.

ಚೀಟಿ ಓದಿದ ದಿನ

ಹದಿನೈದು ದಿನ ಆದ ಮೇಲೆ ಆ ಅಕ್ಕ ಒಂದು ಚೀಟಿ ತಂದರು. ಅದು ಇಂಗ್ಲಿಷಿನಲ್ಲಿತ್ತು. ಆದರೆ ಅಂಕಿ ಓದಲು ಅವರಿಗೆ ಬರುತ್ತಿತ್ತು. ಬೆರಳಿಟ್ಟು ಓದಿದರು: "ಎಂಟು ಪಾಯಿಂಟು ನಾಲ್ಕು. ಹನ್ನೆರಡು ಇರಬೇಕಿತ್ತು ಅಲ್ವಾ ಟೀಚರಮ್ಮ? ಮೂರೂವರೆಗಿಂತ ಜಾಸ್ತಿನೇ ಕಮ್ಮಿ ಅದೆ." ಲೆಕ್ಕವನ್ನೂ ಅವರೇ ಮಾಡಿದರು. ಆ ಚೀಟಿಯನ್ನು ಮನೆಯಲ್ಲೂ ಓದಿ ಹೇಳಿದರಂತೆ. ಅವತ್ತಿನಿಂದ ಯಜಮಾನರು "ಸೋಮಾರಿ" ಅನ್ನುವುದನ್ನು ಬಿಟ್ಟಿದ್ದಾರೆ.

ಮಾತ್ರೆ ಶುರು ಮಾಡಿ ಮೂರು ತಿಂಗಳಾಯಿತು. ಈಗ ಬೇಸಿಗೆ. ಚಳಿ ಬಿಟ್ಟಿತೋ ಇಲ್ಲವೋ ಮುಂದಿನ ಪುಷ್ಯಕ್ಕೆ ಗೊತ್ತಾಗಬೇಕು. ಆದರೆ ಕೊಡ ಹೊತ್ತರೆ ಏದುಸಿರು ಕಡಿಮೆಯಾಗಿದೆ.

ಯಜಮಾನರು ಇನ್ನೂ ಚಡ್ಡಿಯಲ್ಲೇ ತೋಟಕ್ಕೆ ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಕೆಲಸ ನಿಂತ ಕೂಡಲೇ ಮೈಯ ಬಿಸಿ ಇಳಿಯುತ್ತದೆ. ಚಳಿಗಾಲದ ಉಳಿದ ರಾತ್ರಿಗಳಲ್ಲಿ ಅವರ ಚೀಲದಲ್ಲಿ ಒಂದು ಒಣ ಪಂಚೆ, ಒಂದು ಕಂಬಳಿ ಇರುತ್ತಿತ್ತು. ಇಟ್ಟು ಕಳಿಸುತ್ತಿದ್ದವರು ಆ ಅಕ್ಕನೇ.

ಮಾಡಿ ನೋಡಿ, ಮಾತಾಡಿ

1. ಒಂದು ಕೈ ಒದ್ದೆ ಮಾಡಿ. ಇನ್ನೊಂದು ಕೈ ಒಣಗಿರಲಿ. ಎರಡಕ್ಕೂ ಬಾಯಿಂದ ಗಾಳಿ ಊದಿ. ಯಾವ ಕೈಗೆ ಹೆಚ್ಚು ಚಳಿ? ಯಾಕೆ?

2. ನಿಮ್ಮ ಮನೆಯಲ್ಲಿ ಹಂಡೆ ಯಾರು? ಚೆಂಬು ಯಾರು? ಚಳಿಯಲ್ಲಿ ಯಾರಿಗೆ ಮೊದಲು ಹೊದಿಸಬೇಕು?

3. ನಿಮ್ಮ ಹಿಮೋಗ್ಲೋಬಿನ್ ಎಷ್ಟು? ಗೊತ್ತಿಲ್ಲದಿದ್ದರೆ ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ಇಲ್ಲಿ ನೀವೇ ಬರೆಯಿರಿ: ..........